ಇಂದಿನ ಧಮ್ಮ ಚಿಂತನೆ: ಸಿಹಿನೀರು ಕೆರೆಯ ಸುತ್ತ



ಎರಡು ವಾರದಿಂದ ನಮ್ಮ ಅಧ್ಯಯನ ಬಳಗದಲ್ಲಿ ಪ್ರತೀತ್ಯ ಸಮುತ್ಪಾದದ ಪಾಠ ನಡೆಯುತ್ತಿದೆ. ಹನ್ನೆರಡು ಕೊಂಡಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡವರೂ "ಮೇಷ್ಟ್ರೇ, ಹೇಳೋಕೆ ಬರುತ್ತೆ, ಅರ್ಥ ಆಗಲ್ಲ" ಎನ್ನುತ್ತಿದ್ದೀರಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಮಹಾನಿದಾನ ಸುತ್ತದಲ್ಲಿ ಆನಂದರು ಇದು ನನಗೆ ಬಲು ತಿಳಿಯಾಗಿ ಕಾಣುತ್ತದೆ ಎಂದಾಗ ಬುದ್ಧರು ಹಾಗೆ ಹೇಳಬೇಡ, ಇದು ಆಳವಾದದ್ದು ಎಂದು ತಡೆದರು. ಆನಂದರಿಗೇ ಹಾಗಾದರೆ ದೊಡ್ಡಬಳ್ಳಾಪುರದ ಮಗ್ಗದವರಿಗೆ, ಗಾರ್ಮೆಂಟ್ಸಿನವರಿಗೆ, ನನ್ನಂಥ ಶಾಲೆ ಮೇಷ್ಟ್ರಿಗೆ ಒಂದೆರಡು ವಾರ ಹೆಚ್ಚು ಹಿಡಿದರೆ ತಪ್ಪೇನು?

ಅದಕ್ಕೇ ಇವತ್ತು ಪಟ್ಟಿಯನ್ನು ಬದಿಗಿಡೋಣ. ಕಳೆದ ಭಾನುವಾರ ನಾವು ಹದಿಮೂರು ಜನ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗಿ ಎರಡು ಕೆರೆಗಳ ಬಳಿ ನಡೆದು ಬಂದೆವು. ಬರಲಾಗದವರಿಗೆ ಆ ದಿನದ ಪಾಠವನ್ನು ಬರೆದು ಕಳಿಸುತ್ತೇನೆ ಎಂದಿದ್ದೆ. ಇದು ಆ ಪಾಠ.

ಹೋಗುವ ಆಲೋಚನೆ ಬಂದದ್ದು ಒಂದು ವಿಡಿಯೋದಿಂದ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನ್ಯೂಜಿಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ರಜೆಯಲ್ಲಿ ಗೆಳತಿಯರ ಜೊತೆ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು ತಿರುಗಿದಳಂತೆ. ಮಲಗುವ ಜಾಗ, ಗ್ಯಾಸ್ ಒಲೆ, ಪುಟ್ಟ ನೀರಿನ ಟ್ಯಾಂಕು, ಎಲ್ಲ ಒಳಗೇ ಇರುವ ವ್ಯಾನು. ಆ ದೇಶದ ಅತಿ ಎತ್ತರದ ಪರ್ವತ ಅವೊರಾಕಿ, ಇಂಗ್ಲಿಷಿನವರ ಬಾಯಲ್ಲಿ ಮೌಂಟ್ ಕುಕ್. ಅದರ ಬುಡದಲ್ಲಿ ಟಾಸ್ಮನ್ ಎಂಬ ಹಿಮನದಿ. ಹಿಮನದಿ ಎಂದರೆ ನೀರು ಹರಿಯುವ ನದಿಯಲ್ಲ. ವರ್ಷ ವರ್ಷ ಬಿದ್ದ ಮಂಜು ತನ್ನದೇ ಭಾರಕ್ಕೆ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗಿ, ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಾರುತ್ತದೆ. ಈ ಟಾಸ್ಮನ್ ಹಿಮನದಿ ಸುಮಾರು 23 ಕಿ.ಮೀ. ಉದ್ದವಿದೆ, ಆ ದೇಶದಲ್ಲಿ ಅದೇ ಅತಿ ಉದ್ದದ್ದು. ಅದರ ತುದಿಯಲ್ಲೊಂದು ಸರೋವರ. ಹುಡುಗಿ ಒಂದು ದಿನವೆಲ್ಲ ಅಲ್ಲಿ ನಡೆದಾಡಿ ವಿಡಿಯೋ ಮಾಡಿದ್ದಳು. ಬಂಡೆ ಅರೆದ ಹುಡಿ ಸೇರಿ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕಿದೆ. ಮಧ್ಯೆ ಮನೆಯಷ್ಟು ದೊಡ್ಡ ಮಂಜುಗಡ್ಡೆಗಳು ತೇಲುತ್ತಿವೆ.

ನನಗೆ ಬೆರಗು ತಂದದ್ದು ಆ ಸರೋವರದ ವಯಸ್ಸು. ನನಗಿಂತ ಬಹಳ ದೊಡ್ಡದಲ್ಲ. 1970ರ ದಶಕದಲ್ಲಿ ಅಲ್ಲಿ ಇದ್ದದ್ದು ಮಂಜುಗಡ್ಡೆಯ ಮೇಲೆ ಅಲ್ಲಲ್ಲಿ ನಿಂತ ಸಣ್ಣ ಹೊಂಡಗಳು ಮಾತ್ರ. ಗಡ್ಡೆ ಕರಗುತ್ತಾ ಹೋಯಿತು, ಹೊಂಡಗಳು ಒಂದಕ್ಕೊಂದು ಸೇರಿದವು, ಈಗ ಏಳು ಕಿ.ಮೀ.ಗೂ ಉದ್ದದ ಸರೋವರ. ನೋಡುವವರು ಎಂಥ ಸನಾತನ ಚೆಲುವು ಎಂದು ಫೋಟೋ ತೆಗೆಯುತ್ತಾರೆ. ಅದು ಸನಾತನವೂ ಅಲ್ಲ, ತನ್ನಷ್ಟಕ್ಕೆ ತಾನೇ ಇರುವುದೂ ಅಲ್ಲ. ಭೂಮಿ ಬಿಸಿಯಾಯಿತು, ಆದ್ದರಿಂದ ಸರೋವರ ಹುಟ್ಟಿತು. ಕಾರಣಗಳು ಕೂಡಿದಾಗ ಒಂದು ಸಂಗತಿ ಉಂಟಾಗುತ್ತದೆ, ಕಾರಣಗಳು ಚದುರಿದಾಗ ಅದು ಇಲ್ಲವಾಗುತ್ತದೆ. ಪ್ರತೀತ್ಯ ಸಮುತ್ಪಾದವೆಂದರೆ ಇಷ್ಟೇ. ಈ ಇಷ್ಟನ್ನು ಒಪ್ಪಿಕೊಂಡರೆ ಹುಟ್ಟಿನಿಂದಲೇ ಮೇಲು, ಹುಟ್ಟಿನಿಂದಲೇ ಕೀಳು ಎಂಬ ಮಾತಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಬಾಬಾಸಾಹೇಬರು ಈ ಧಮ್ಮವನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ವಿಡಿಯೋದ ಕೊನೆಗೆ ಅವಳು ಇನ್ನೊಂದು ಮಾತು ಹೇಳಿದ್ದಳು. "ಸರ್, ಇಲ್ಲಿ ಕ್ಯಾಂಪ್ ಜಾಗದಲ್ಲಿ ಒಂದೇ ನಲ್ಲಿ. ಎಲ್ಲಾ ದೇಶದವರೂ ಸಾಲಲ್ಲಿ ನಿಂತು ಅವರವರ ವ್ಯಾನಿಗೆ ತುಂಬಿಸ್ಕೋತಾರೆ. ಯಾರೂ ಯಾರನ್ನೂ ಏನೂ ಕೇಳಲ್ಲ." ಈ ವಾಕ್ಯವನ್ನು ಹೇಳಬೇಕು ಎಂದು ಅವಳಿಗೆ ಯಾಕೆ ಅನಿಸಿತು ಎಂಬುದು ನಮಗೆ ಗೊತ್ತು. ಬೇರೆಯವರಿಗೆ ಅದು ಹೇಳುವಂಥ ವಿಷಯವೇ ಅಲ್ಲ.

ಭಾನುವಾರದ ತರಗತಿಯಲ್ಲಿ ವಿಡಿಯೋ ಹಾಕಿದೆ. ನೋಡಿದ ಮೇಲೆ ಒಬ್ಬ ಹುಡುಗ, "ನಮ್ ಕಡೆ ಇಂಥದ್ದಿಲ್ವಾ ಮೇಷ್ಟ್ರೇ?" ಎಂದ. ಒಳ್ಳೆಯ ಪ್ರಶ್ನೆ.

ನಮ್ಮ ಕಡೆ ಹಿಮವಿಲ್ಲ. ಉತ್ತರದ ಗಂಗೆಗೆ ಗಂಗೋತ್ರಿಯ ಹಿಮನದಿ ಇದೆ. ಬೇಸಿಗೆಯಲ್ಲಿ ಮಳೆ ಇಲ್ಲದಾಗಲೂ ಅದು ಕರಗಿ ಕೊಡುತ್ತದೆ. ನಮ್ಮ ನಂದಿ ಬೆಟ್ಟದ ಸುತ್ತ ಹುಟ್ಟುವ ಅರ್ಕಾವತಿ, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ, ಪಾಲಾರ್ ಇವುಗಳಿಗೆ ಮಳೆಯೊಂದೇ ತಾಯಿ. ಮಳೆ ಬೀಳುವುದು ವರ್ಷದಲ್ಲಿ ಕೆಲವು ತಿಂಗಳು, ಅದೂ ನಂಬಿಕೆಯಿಲ್ಲ. ಗ್ರಾನೈಟ್ ಬಂಡೆಯ ನೆಲ, ಇಳಿಜಾರು, ಬಿದ್ದದ್ದೆಲ್ಲ ಹರಿದುಹೋಗುತ್ತದೆ. ಹಾಗಿದ್ದೂ ಇಲ್ಲಿ ಜನ ರಾಗಿ ಬೆಳೆದರು, ಭತ್ತವನ್ನೂ ಬೆಳೆದರು. ಹೇಗೆ? ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಕೆರೆಗೆ ಕೆರೆ ಕೈಹಿಡಿದುಕೊಂಡು ನಿಂತಿವೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಸ್ವಲ್ಪ ಸ್ವಲ್ಪವೇ ಬಿಡುವ ಕೆಲಸವನ್ನು ಅಲ್ಲಿ ಹಿಮ ಮಾಡುತ್ತದೆ, ಇಲ್ಲಿ ಕೆರೆ ಮಾಡುತ್ತದೆ. ವ್ಯತ್ಯಾಸ ಒಂದೇ: ಹಿಮನದಿಯನ್ನು ಯಾರೂ ಕಟ್ಟಲಿಲ್ಲ. ಕೆರೆಯ ಪ್ರತಿಯೊಂದು ಬುಟ್ಟಿ ಮಣ್ಣನ್ನೂ ಯಾರೋ ತಲೆಯ ಮೇಲೆ ಹೊತ್ತಿದ್ದಾರೆ. ಶಾಸನದಲ್ಲಿ ಕಟ್ಟಿಸಿದವರ ಹೆಸರಿರುತ್ತದೆ, ಕಟ್ಟಿದವರದ್ದು ಇರುವುದಿಲ್ಲ.

"ಹಾಗಾದ್ರೆ ನಮ್ಮ ಹಿಮನದಿ ನೋಡೋಣ ನಡೀರಿ" ಎಂದು ಹೊರಟೆವು. ಬಳಗದ ಒಬ್ಬ ಅಣ್ಣನದ್ದೇ ಟಿಟಿ, ಡೀಸೆಲ್ ದುಡ್ಡು ಮಾತ್ರ ಹಂಚಿಕೊಂಡೆವು. ಮನೆಯಿಂದ ಪುಳಿಯೋಗರೆ, ಚಪಾತಿ, ಕಡಲೆಬೀಜದ ಚಟ್ನಿ. ಇಪ್ಪತ್ತು ಲೀಟರಿನ ಕ್ಯಾನು ಒಂದು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ, ನಂದಿ ಬೆಟ್ಟ ಅರ್ಧವೇ ಕಾಣುತ್ತಿತ್ತು.

ಮೊದಲು ಹೋದದ್ದು ದೇವನಹಳ್ಳಿ ಪಟ್ಟಣದ ಸಿಹಿನೀರು ಕೆರೆಗೆ. ಇಳಿದ ಮೇಲೆ ಮೊದಲ ಸುತ್ತು ಮಾತಿಲ್ಲದೆ ನಡೆಯಬೇಕೆಂದು ನಿಯಮ ಮಾಡಿದೆವು. ಇದು ನಡಿಗೆಯ ಧ್ಯಾನ, ಪಾಲಿಯಲ್ಲಿ ಚಂಕಮ. ಅಂಗುತ್ತರ ನಿಕಾಯದಲ್ಲಿ ಇದರ ಐದು ಲಾಭ ಹೇಳಿದೆ: ದೂರದ ಪ್ರಯಾಣಕ್ಕೆ ಮೈ ಒಗ್ಗುತ್ತದೆ, ಸಾಧನೆಗೆ ಕಸುವು ಬರುತ್ತದೆ, ಕಾಯಿಲೆ ಕಡಿಮೆ, ಉಂಡದ್ದು ಅರಗುತ್ತದೆ, ನಡೆಯುತ್ತಾ ಕೂಡಿಸಿಕೊಂಡ ಏಕಾಗ್ರತೆ ಬಹಳ ಹೊತ್ತು ಉಳಿಯುತ್ತದೆ. ಕಣ್ಣುಮುಚ್ಚಿ ಕೂತರೆ ನಿದ್ದೆ ಬರುತ್ತದೆ ಎನ್ನುವ ನೈಟ್ ಶಿಫ್ಟಿನವರು ಇದನ್ನೇ ಮಾಡಿ. ಪಾದ ಎತ್ತಿದ್ದು, ಮುಂದಿಟ್ಟದ್ದು, ನೆಲಕ್ಕೆ ಊರಿದ್ದು ಗೊತ್ತಾಗುತ್ತಿದ್ದರೆ ಸಾಕು. ನಮ್ಮ ಗುಂಪಿನ ಮಕ್ಕಳಿಬ್ಬರು ಅರ್ಧ ಸುತ್ತಿಗೇ ನಕ್ಕುಬಿಟ್ಟರು. ನಗಲಿ.

ಎರಡನೇ ಸುತ್ತಿನಲ್ಲಿ ಪಾಠ.

ಈ ಕೆರೆಯ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಮಳೆಯಿಂದ ಎಂದರು. ಅದಷ್ಟೇ ಅಲ್ಲ. ಬೆಂಗಳೂರಿನ ಮನೆಗಳ ಬಚ್ಚಲು, ಪಾಯಿಖಾನೆ, ಅಡುಗೆಮನೆಯ ಕೊಳಚೆ ನೀರನ್ನು ಸಂಸ್ಕರಣ ಘಟಕಗಳಲ್ಲಿ ಶುದ್ಧ ಮಾಡಿ, ಪೈಪಿನಲ್ಲಿ ನಮ್ಮ ಕಡೆಯ ಒಣ ಕೆರೆಗಳಿಗೆ ಹರಿಸುತ್ತಾರೆ. ಕೋಲಾರದ ಕಡೆಗೆ ಕೆ.ಸಿ. ವ್ಯಾಲಿ ಯೋಜನೆ, ದೇವನಹಳ್ಳಿ ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ ನಾಗವಾರ ಎಂದರೆ ಎಚ್.ಎನ್. ವ್ಯಾಲಿ ಯೋಜನೆ. ಆ ನೀರು ಬಾಗಲೂರು ಕೆರೆಯ ಕಡೆಯಿಂದ ಇಲ್ಲಿಗೂ ಬರುತ್ತದೆ. ಕೆರೆಯಲ್ಲಿ ನಿಂತು ನೆಲಕ್ಕೆ ಇಂಗುತ್ತದೆ. ದಡದಲ್ಲಿ ಕೊರೆದ ಆಳವಿಲ್ಲದ ಫಿಲ್ಟರ್ ಬೋರ್‌ವೆಲ್‌ಗಳಿಂದ ಅದನ್ನು ಎತ್ತಿ, ಮತ್ತೊಮ್ಮೆ ಶುದ್ಧೀಕರಿಸಿ ಊರಿನ ಬಳಕೆಗೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಮಣ್ಣು ಸೋಸುತ್ತದೆ, ಯಂತ್ರ ಸೋಸುತ್ತದೆ, ಕ್ಲೋರಿನ್ ಕ್ರಿಮಿ ಕೊಲ್ಲುತ್ತದೆ.

"ಛೀ, ಬೆಂಗಳೂರೋರ ಕಕ್ಕಸ್ಸಿನ ನೀರಾ?" ಎಂದಳು ಒಬ್ಬ ಹುಡುಗಿ. ಅವಳ ಅಮ್ಮ ಗದರಿಸಿದರು. ನಾನು ಗದರಿಸಬೇಡಿ ಎಂದೆ. ಅಸಹ್ಯ ಸಹಜ, ಅದನ್ನು ಬಿಚ್ಚಿ ನೋಡಬೇಕು, ಅಷ್ಟೇ. ಇನ್ನೂ ಒಂದು ಮಾತು: ಈ ಶುದ್ಧೀಕರಣ ಎರಡನೇ ಹಂತಕ್ಕೇ ನಿಲ್ಲಬಾರದು, ಕೆರೆಗೆ ಬಿಡುವ ಮುಂಚೆಯೇ ಮೂರನೇ ಹಂತವೂ ಆಗಬೇಕು ಎಂದು ಕೋಲಾರದ ರೈತರೂ ವಿಜ್ಞಾನಿಗಳೂ ಕೇಳುತ್ತಲೇ ಇದ್ದಾರೆ. ಅದು ಪರೀಕ್ಷೆ ಮಾಡಿ, ಅಳೆದು ಕೇಳುವ ಪ್ರಶ್ನೆ. ನಾವೂ ಕೇಳಬೇಕಾದ್ದು. ನಮ್ಮ ದೊಡ್ಡಬಳ್ಳಾಪುರದಲ್ಲೇ ಊರಿನ ಚರಂಡಿ, ಕಾರ್ಖಾನೆಗಳ ನೀರು ಕೆಳಗಿನ ಕೆರೆಗಳಿಗೆ ಸೇರುತ್ತದೆಂದು ದೊಡ್ಡತುಮಕೂರು, ಮಜರಾ ಹೊಸಹಳ್ಳಿ ಕಡೆಯ ಜನ ಬೀದಿಗಿಳಿದದ್ದನ್ನು ಮರೆಯಬೇಡಿ. ನೀರು ಕೆಡುತ್ತದೆ, ನಿಜ. ಯಾವುದರಿಂದ ಕೆಡುತ್ತದೆ ಎಂಬುದನ್ನು ಪ್ರಯೋಗಾಲಯ ಹೇಳುತ್ತದೆ. ಮನುಷ್ಯನ ಬೆರಳಿನಿಂದ ಕೆಟ್ಟಿತು ಎಂದು ಯಾವ ಪ್ರಯೋಗಾಲಯವೂ ಇದುವರೆಗೆ ಹೇಳಿಲ್ಲ.

ಈ ಪೈಪಿನ ನೀರನ್ನೇ ನೋಡಿ. ಅದರಲ್ಲಿ ಬಸವನಗುಡಿಯದ್ದು ಯಾವುದು, ಕೊಳೆಗೇರಿಯದ್ದು ಯಾವುದು? ಯಾರ ಮಡಿ ನೀರು ಯಾವುದು, ಯಾರ ಮೈಲಿಗೆ ನೀರು ಯಾವುದು? ಬೇರ್ಪಡಿಸಿ ಕೊಡಿ ಎಂದರೆ ಯಾವ ಶಾಸ್ತ್ರಿಗೂ ಆಗದು. ಊರೆಲ್ಲ ಅದನ್ನೇ ಬಳಸುತ್ತದೆ.

ಇಲ್ಲಿ ಸಿಹಿನೀರು ಎಂಬ ಹೆಸರಿನ ಮೇಲೆ ಒಂದು ಕ್ಷಣ ನಿಲ್ಲಿ. ಕನ್ನಡ ಮೇಷ್ಟ್ರ ಚಟ ಎಂದುಕೊಂಡರೂ ಸರಿ. ಮಹಾಡಿನ ಕೆರೆಯ ಹೆಸರು ಚವದಾರ್ ತಳೆ. ನಾವು ಮಾರ್ಚ್ 20 ಬಂದಾಗಲೆಲ್ಲ ಆ ಹೆಸರು ಹೇಳುತ್ತೇವೆ, ಅರ್ಥ ಕೇಳುವುದಿಲ್ಲ. ಮರಾಠಿಯಲ್ಲಿ ಚವ ಎಂದರೆ ರುಚಿ, ತಳೆ ಎಂದರೆ ಕೆರೆ. ರುಚಿಯಾದ ನೀರಿನ ಕೆರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅದೂ ಒಂದು ಸಿಹಿನೀರು ಕೆರೆಯೇ.

ಆ ಸಿಹಿನೀರಿನ ಕತೆಯನ್ನು ನಡೆಯುತ್ತಲೇ ಹೇಳಿಕೊಂಡೆವು. 1923ರ ಆಗಸ್ಟ್‌ನಲ್ಲಿ ಬೊಂಬಾಯಿ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಳೆ ಅವರ ಠರಾವು ಪಾಸಾಯಿತು: ಸರ್ಕಾರದ ಹಣದ ಕೆರೆ ಬಾವಿ ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. 1924ರ ಜನವರಿಯಲ್ಲಿ ಮಹಾಡ್ ಪುರಸಭೆಯೂ ತನ್ನ ಕೆರೆ ಎಲ್ಲರಿಗೂ ಎಂದು ನಿರ್ಣಯ ಬರೆಯಿತು. ಕಾಗದದ ಮೇಲೆ ತೆರೆಯಿತು, ದಡದ ಮೇಲೆ ತೆರೆಯಲಿಲ್ಲ. ಮುಸ್ಲಿಮರು ಕುಡಿಯಬಹುದು, ಕ್ರೈಸ್ತರು ಕುಡಿಯಬಹುದು, ದನ ಇಳಿಯಬಹುದು, ನಾವು ಮಾತ್ರ ಇಲ್ಲ. 1927ರ ಮಾರ್ಚ್ 19 ಮತ್ತು 20ರಂದು ಅಲ್ಲಿ ಪರಿಷತ್ತು ಸೇರಿತು. 20ರಂದು ಬಾಬಾಸಾಹೇಬರು ಸಾವಿರಾರು ಜನರ ಮೆರವಣಿಗೆಯ ಮುಂದೆ ನಡೆದು ಕೆರೆಗೆ ಇಳಿದರು, ಬೊಗಸೆಯಲ್ಲಿ ನೀರು ತೆಗೆದು ಕುಡಿದರು. ಆ ಮೇಲೆ ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂದು ಸುಳ್ಳು ಸುದ್ದಿ ಹಬ್ಬಿಸಿ, ಊಟಕ್ಕೆ ಕುಳಿತವರನ್ನೂ ಊರಿಗೆ ಹೊರಟವರನ್ನೂ ದೊಣ್ಣೆಗಳಿಂದ ಹೊಡೆದರು. ಬಾಬಾಸಾಹೇಬರು ನಮ್ಮವರಿಗೆ ಕೈ ಎತ್ತಬೇಡಿ ಎಂದರು.

ಆ ಬಳಿಕ ನಡೆದದ್ದನ್ನು ಮಕ್ಕಳಿಗೆ ಎರಡು ಸಲ ಹೇಳಬೇಕಾಯಿತು, ಅವು ನಂಬಲಿಲ್ಲ. ಮಡಿವಂತರು ಕೆರೆಯಿಂದ 108 ಕೊಡ ನೀರು ತೆಗೆದರು. ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಗೆ ಸುರಿದರು. ಕೆರೆ ಶುದ್ಧವಾಯಿತು ಎಂದು ಸಾರಿದರು.

ಒಂದು ಕಡೆ ಮರಳು, ಕ್ಲೋರಿನ್, ಪರೀಕ್ಷೆಯ ವರದಿ. ಇನ್ನೊಂದು ಕಡೆ ಸಗಣಿ, ಗಂಜಲ, ಮಂತ್ರ. ಮೊದಲನೆಯದು ನೀರನ್ನು ಶುದ್ಧ ಮಾಡುತ್ತದೆ. ಎರಡನೆಯದಕ್ಕೆ ನೀರಿನ ಗೊಡವೆಯೇ ಇಲ್ಲ, ಅದು ಗೆರೆ ಎಳೆಯುತ್ತದೆ.

ಈ ಗೆರೆಯನ್ನು ಮೊದಲು ಪ್ರಶ್ನಿಸಿದವರಲ್ಲಿ ಒಬ್ಬ ನೀರು ಹೊರುವ ಹೆಣ್ಣುಮಗಳಿದ್ದಾಳೆ. ಥೇರಿಗಾಥೆಯಲ್ಲಿ ಬರುವ ಪುಣ್ಣಿಕಾ. ದಾಸಿ. ಯಜಮಾನಿಯ ಬೈಗುಳ, ಹೊಡೆತದ ಭಯಕ್ಕೆ ಎಂಥ ಚಳಿಯಲ್ಲೂ ನದಿಗಿಳಿದು ನೀರು ತರಬೇಕಾದವಳು. ಒಂದು ಬೆಳಿಗ್ಗೆ ಅದೇ ನೀರಿನಲ್ಲಿ ಬ್ರಾಹ್ಮಣನೊಬ್ಬ ನಡುಗುತ್ತಾ ಮುಳುಗು ಹಾಕುವುದನ್ನು ನೋಡಿ ಕೇಳುತ್ತಾಳೆ: ನಾನು ಹೆದರಿ ಇಳಿದಿದ್ದೇನೆ, ನೀನು ಯಾರಿಗೆ ಹೆದರಿ ಇಳಿದೆ? ಪಾಪ ತೊಳೆಯಲು ಎನ್ನುತ್ತಾನೆ ಆತ. ಹಾಗಾದರೆ ಸದಾ ನೀರಲ್ಲೇ ಇರುವ ಕಪ್ಪೆ, ಆಮೆ, ಮೊಸಳೆ ಎಲ್ಲ ಸ್ವರ್ಗಕ್ಕೆ ಹೋಗಬೇಕಲ್ಲ ಎಂಬುದು ಅವಳ ವಾದ. ಅಷ್ಟಕ್ಕೂ ಬಿಡುವುದಿಲ್ಲ, ಈ ನದಿ ನಿನ್ನ ಪಾಪವನ್ನು ಒಯ್ಯುವುದಾದರೆ ಪುಣ್ಯವನ್ನೂ ಒಯ್ಯುತ್ತದೆ, ಆಗ ನಿನಗೇನು ಉಳಿಯಿತು ಎಂದು ಕೇಳುತ್ತಾಳೆ. ಬ್ರಾಹ್ಮಣ ಸೋತು ತ್ರಿಶರಣ ಹೊಕ್ಕ. ನಾನು ಎಂ.ಎ. ಓದುವಾಗ ತರ್ಕ, ವಿಚಾರ ಎಂದರೆ ದೊಡ್ಡ ದೊಡ್ಡ ಹೆಸರುಗಳನ್ನೇ ಹೇಳಿಕೊಟ್ಟರು. ಕೊಡ ಹೊತ್ತ ಈ ಹೆಂಗಸಿನ ಹೆಸರು ಯಾರೂ ಹೇಳಲಿಲ್ಲ. ಬಳಗದ ತಾಯಂದಿರು ಇದನ್ನು ಮನೆಯಲ್ಲಿ ಕತೆಯಾಗಿ ಹೇಳಿ.

ಬಿಸಿಲೇರಿತು. ಕೆರೆಯ ದಡದಲ್ಲೇ ನೆರಳು ನೋಡಿ ಊಟ ಮುಗಿಸಿ ಹೊಸಕೋಟೆಗೆ ಹೊರಟೆವು.

ಹೊಸಕೋಟೆಯ ಕೆರೆ ದಕ್ಷಿಣ ಪಿನಾಕಿನಿಯದ್ದು. ಸುಗಟೂರಿನ ಪಾಳೆಯಗಾರ ತಿಮ್ಮೇಗೌಡ 16ನೇ ಶತಮಾನದ ಕೊನೆಗೆ ಹೊಸ ಕೋಟೆ ಕಟ್ಟಿದ್ದರಿಂದ ಊರಿಗೆ ಆ ಹೆಸರು. ಏರಿ ಎರಡು ಮೈಲಿ ಉದ್ದ, ಕೆರೆ ತುಂಬಿದರೆ ಸುತ್ತಳತೆ ಹತ್ತು ಮೈಲಿಗೆ ಕಡಿಮೆಯಿಲ್ಲ ಎಂದು ಲೂಯಿಸ್ ರೈಸ್ ಅವರ ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ಹತ್ತು ಮೈಲಿ ಸುತ್ತುವ ಶಕ್ತಿ ನಮಗಿರಲಿಲ್ಲ. ಏರಿಯ ಮೇಲಷ್ಟೇ ನಡೆದೆವು. ಒಂದು ಕಡೆ ನೀರು, ಹೆಜ್ಜಾರ್ಲೆಗಳು; ಇನ್ನೊಂದು ಕಡೆ ಒಂದು ಕಾಲದ ಅಚ್ಚುಕಟ್ಟು, ಈಗ ಎಷ್ಟೋ ಕಡೆ ಲೇಔಟಿನ ಕಲ್ಲುಗಳು.

ತೂಬಿನ ಹತ್ತಿರ ನಿಂತಾಗ ನಮ್ಮ ಬಳಗದ ಹಿರಿಯಜ್ಜಿ ಮಾತಾಡಿದರು. ಅವರು ಸಭೆಯಲ್ಲಿ ಬಾಯಿ ಬಿಡುವುದೇ ಅಪರೂಪ. ಅವರ ತಂದೆ ಈ ಕಡೆಯ ಒಂದು ಹಳ್ಳಿಯಲ್ಲಿ ನೀರುಗಂಟಿ.

ಚಿಕ್ಕವರಿಗಾಗಿ ಹೇಳುತ್ತೇನೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಶಾನುಭೋಗ, ತಳವಾರ, ತೋಟಿ ಇದ್ದಂತೆ ನೀರುಗಂಟಿ ಎಂಬುದೂ ಊರ ಕೆಲಸ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡುವುದು, ಕೊನೆಯ ಗದ್ದೆಗೂ ಮುಟ್ಟಿಸುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು. ಕೂಲಿ ದುಡ್ಡಲ್ಲ, ಸುಗ್ಗಿಯಲ್ಲಿ ಕಣದಲ್ಲಿ ಕೊಡುವ ಧಾನ್ಯದ ಆಯ. ಬಹಳಷ್ಟು ಊರುಗಳಲ್ಲಿ ಈ ಕೆಲಸ ಹೊಲೆಯರ ಮನೆತನದ್ದು. ಅಂದರೆ ಊರಿನ ನೀರಿನ ಲೆಕ್ಕ, ನೀರಿನ ನ್ಯಾಯ, ಎರಡೂ ನಮ್ಮ ಅಜ್ಜಂದಿರ ಕೈಯಲ್ಲಿತ್ತು.

ಅಜ್ಜಿ ಹೇಳಿದ್ದು ಹೀಗೆ: "ನಮ್ಮಪ್ಪ ಮುಳುಗಿ ತೂಬು ಎತ್ತೋನು ಮೇಷ್ಟ್ರೇ. ಕುತ್ತಿಗೆವರ್ಗೂ ಕೆರೇಲೇ ಇರೋನು. ಆ ನೀರು ಗದ್ದೇಗೋದ್ರೆ ಮೈಲ್ಗೆ ಇಲ್ಲ, ಅದ್ರಲ್ಲಿ ಬೆಳ್ದ ಅಕ್ಕೀಗೂ ಮೈಲ್ಗೆ ಇಲ್ಲ. ನಮ್ಮವ್ವ ಕೊಡ ತಗೊಂಡು ಬಾವಿತಾವ ಹೋದ್ರೆ ಮೈಲ್ಗೆ. ಯಾರಾದ್ರೂ ಬಂದು ಸೇದಿ ಹುಯ್ಯೋಗಂಟ ಬಿಸ್ಲಲ್ಲಿ ನಿಂತಿರೋಳು. ಕೆರೆ ಎಲ್ಲಾ ಮುಟ್ಬೌದು, ಒಂದು ಕೊಡ ಮುಟ್ಬಾರ್ದು. ಇದ್ಯಾವ ಲೆಕ್ಕ?"

ಯಾರೂ ಮಾತಾಡಲಿಲ್ಲ. ಪುಣ್ಣಿಕಾಳ ಪ್ರಶ್ನೆಗೂ ಈ ಪ್ರಶ್ನೆಗೂ ನಡುವೆ ಎರಡು ಸಾವಿರ ವರ್ಷಕ್ಕೂ ಹೆಚ್ಚು. ಎರಡೂ ನೀರಿನ ಬಳಿ ನಿಂತು ಕೇಳಿದ ಪ್ರಶ್ನೆಗಳೇ.

ಇದಕ್ಕೆ ಬುದ್ಧ ಗುರುವಿನ ಬದುಕಿನಲ್ಲೇ ಒಂದು ಉತ್ತರವಿದೆ. ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕ, ರೋಗಿ, ಹೆಣ ನೋಡಿದ್ದರಿಂದ ಅಲ್ಲ. ಇಪ್ಪತ್ತೊಂಬತ್ತು ವರ್ಷದವರೆಗೆ ಮುದುಕರನ್ನೇ ನೋಡದಿರಲು ಸಾಧ್ಯವೇ ಎಂದು ಬಾಬಾಸಾಹೇಬರು ಕೇಳುತ್ತಾರೆ. ಅವರು ತೋರಿಸುವ ಕಾರಣ ನೀರು. ರೋಹಿಣಿ ನದಿ ಶಾಕ್ಯರಿಗೂ ಕೋಲಿಯರಿಗೂ ಗಡಿ, ಇಬ್ಬರ ಹೊಲಕ್ಕೂ ಅದರದ್ದೇ ನೀರು. ಮೊದಲು ಯಾರು, ಎಷ್ಟು ಎಂದು ಎರಡೂ ಕಡೆಯ ಆಳುಗಳು ಬಡಿದಾಡಿಕೊಂಡರು, ಗಾಯಗಳಾದವು. ಶಾಕ್ಯ ಸಂಘದಲ್ಲಿ ಸೇನಾಪತಿ ಯುದ್ಧ ಎಂದ. ಸಿದ್ಧಾರ್ಥ ಒಪ್ಪಲಿಲ್ಲ. ತಪ್ಪು ನಮ್ಮವರದ್ದೂ ಇದೆ. ನಮ್ಮಲ್ಲಿ ಇಬ್ಬರು, ಅವರಲ್ಲಿ ಇಬ್ಬರು, ಆ ನಾಲ್ವರು ಸೇರಿ ಆರಿಸಿದ ಐದನೆಯವನೊಬ್ಬ, ಈ ಐವರು ಕೂತು ತೀರ್ಮಾನಿಸಲಿ ಎಂದ. ಸಂಘ ಬಹುಮತದಿಂದ ತಳ್ಳಿಹಾಕಿತು. ಯುದ್ಧಕ್ಕೆ ಸೇರುವುದಿಲ್ಲ ಎಂದವನಿಗೆ ಶಿಕ್ಷೆ ಕಾದಿತ್ತು, ತಾನೇ ಪರಿವ್ರಾಜಕನಾಗಿ ದೇಶ ಬಿಡಲು ಒಪ್ಪಿದ. ನೀರಿನ ಜಗಳಕ್ಕೆ ಕತ್ತಿಯ ಬದಲು ಐವರ ಸಮಿತಿ ಎಂದ ಮಾತಿನಿಂದ ನಮ್ಮ ಧಮ್ಮದ ದಾರಿ ತೆರೆದುಕೊಳ್ಳುತ್ತದೆ. ಇದನ್ನು ಕೇಳಿ ಅಜ್ಜಿ, "ನಮ್ಮಪ್ಪ ಬೇಸ್ಗೇಲಿ ಮಾಡ್ತಿದ್ದಿದ್ದೂ ಅದೇಯ, ಇಬ್ರು ಗೌಡ್ರು ಜಗ್ಳ ಬಿಡ್ಸಿ ಸರ್ದಿ ಹಾಕ್ತಿದ್ದ" ಎಂದರು. ನನಗೆ ಹೇಳಿಕೊಡಲು ಅಲ್ಲಿ ಇನ್ನೇನೂ ಉಳಿದಿರಲಿಲ್ಲ.

ಮಹಾಡಿನಲ್ಲೂ ಬಾಬಾಸಾಹೇಬರು ಈ ದಾರಿಯನ್ನೇ ಹಿಡಿದರು. 1927ರ ಡಿಸೆಂಬರಿನಲ್ಲಿ ಮತ್ತೆ ಸಾವಿರಾರು ಜನ ಸೇರಿದ್ದರು. 25ರಂದು ಮನುಸ್ಮೃತಿಯನ್ನು ಸುಟ್ಟರು. ಕೆರೆಗೆ ಇಳಿಯಲು ಎಲ್ಲರೂ ತಯಾರು. ಅಷ್ಟರಲ್ಲಿ ಎದುರಾಳಿಗಳು ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಬಾಬಾಸಾಹೇಬರು ಜನರನ್ನು ಒಪ್ಪಿಸಿ ಸತ್ಯಾಗ್ರಹವನ್ನು ಮುಂದೂಡಿದರು. ಆದರೆ ಸುಮ್ಮನೆ ಮನೆಗೆ ಕಳಿಸಲಿಲ್ಲ. ಮೆರವಣಿಗೆ ಹೊರಟು ಆ ಕೆರೆಯ ಸುತ್ತ ನಡೆದರು, ನೀರು ಮುಟ್ಟದೆ ಹಿಂದಿರುಗಿದರು. ಬಾಯಾರಿದವರು ಸಿಹಿನೀರಿನ ಸುತ್ತ ನಡೆದ ಆ ನಡಿಗೆಯನ್ನು ನಾನು ಒಂದು ದೊಡ್ಡ ಚಂಕಮ ಎಂದೇ ತಿಳಿಯುತ್ತೇನೆ. ಕೋರ್ಟಿನ ದಾರಿ ಹತ್ತು ವರ್ಷ ಹಿಡಿಯಿತು. 1937ರ ಮಾರ್ಚ್‌ನಲ್ಲಿ ಬೊಂಬಾಯಿ ಹೈಕೋರ್ಟ್ ನಮ್ಮ ಪರವಾಗಿ ತೀರ್ಪು ಕೊಟ್ಟಿತು.

ವಾಪಸು ಬರುವಾಗ ವ್ಯಾನಿನಲ್ಲಿ ಒಬ್ಬ ತಮ್ಮ ಒಂದು ಆಕ್ಷೇಪ ಎತ್ತಿದ, ಅದನ್ನು ಬಿಡುವಂತಿಲ್ಲ. "ಮೇಷ್ಟ್ರೇ, ಎಲ್ಲಾ ಜಾತಿ ಕೊಳಚೆ ಒಂದೇ ಪೈಪಲ್ಲಿ ಬಂತು ಅಂತ ಖುಷಿಪಟ್ವಿ. ಆ ಪೈಪು ಕಟ್ಕೊಂಡಾಗ ಇಳಿಯೋರು ಯಾರು?" ಸರಿಯಾದ ಪ್ರಶ್ನೆ. ನೀರು ಬೆರೆತಿದೆ, ಕೆಲಸ ಬೆರೆತಿಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲೊಂದು, 2013ರಲ್ಲೊಂದು ಕಾಯ್ದೆ ಬಂದಿವೆ. ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಹತ್ತು ಲಕ್ಷ ಎಂದಿತ್ತು, 2023ರಲ್ಲಿ ಮೂವತ್ತು ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ನಂದಿ ಬೆಟ್ಟದ ಮಳೆಯಿಂದ ಹಿಡಿದು ದೇವನಹಳ್ಳಿಯ ನಲ್ಲಿಯವರೆಗಿನ ಕೊಂಡಿಗಳನ್ನು ಬರೆಯುವಾಗ ಈ ಕೊಂಡಿಯನ್ನು ಬಿಟ್ಟರೆ ಪಾಠ ಸುಳ್ಳಾಗುತ್ತದೆ. ಆ ತಮ್ಮನನ್ನೇ ಮುಂದಿನ ವಾರ ಈ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಲು ಕೇಳಿಕೊಂಡಿದ್ದೇನೆ, ಒಪ್ಪಿದ್ದಾನೆ.

ಈ ವಾರದ ಅಭ್ಯಾಸ. ದಿನಕ್ಕೆ ಇಪ್ಪತ್ತು ನಿಮಿಷ ಚಂಕಮ, ಮನೆಯ ಮಾಳಿಗೆಯ ಮೇಲಾದರೂ ಸರಿ. ಮನೆಗೆ ಬರುವ ನೀರು ಎಲ್ಲಿಂದ ಹೊರಟು ಯಾರ ಯಾರ ಕೈ ದಾಟಿ ಬಂತು, ಬಚ್ಚಲಿನಿಂದ ಹೊರಟು ಎಲ್ಲಿಗೆ ಹೋಯಿತು ಎಂದು ಮಕ್ಕಳ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಗೊತ್ತಿಲ್ಲದ ಕಡೆ ಪ್ರಶ್ನೆಚಿಹ್ನೆ ಹಾಕಿ. ಅದನ್ನು ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಕೇಳೋಣ. ಇನ್ನೊಂದು ಕೆಲಸ ಹಿರಿಯರಿರುವ ಮನೆಗಳಿಗೆ: ನಿಮ್ಮ ಊರಿನ ಕೆರೆಯ ಹೆಸರು, ಅದರ ನೀರುಗಂಟಿಯ ಹೆಸರು, ಅವರ ಮನೆಯವರು ಈಗ ಎಲ್ಲಿದ್ದಾರೆ ಎಂಬುದು. ಅಜ್ಜಿ ತಮ್ಮ ತಂದೆಯ ಹೆಸರು ಹೇಳಿದ್ದಾರೆ, ಬಳಗದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಎಂದಿನ ಜಾಗದಲ್ಲಿ. ಬರುವಾಗ ನಿಮ್ಮ ನಲ್ಲಿಯ ನೀರು ಒಂದು ಬಾಟಲಿ ತನ್ನಿ, ಗಡಸುತನ ನೋಡುವ ಕಿಟ್ಟನ್ನು ಶಾಲೆಯಿಂದ ತರುತ್ತೇನೆ.

ನಮೋ ಬುದ್ಧಾಯ. ಜೈ ಭೀಮ್.